ಡ್ರೈಯರ್ ಸತ್ತಿಲ್ಲ ಸ್ವಾಮಿ, ಉಸಿರು ಕಟ್ಟಿದೆ ಅಷ್ಟೆ!

"ಡ್ರೈಯರ್ ಬಿಸಿ ಆಗ್ತಾ ಇಲ್ಲ ಕಣೋ. ಎಂಟು ವರ್ಷ ಆಯ್ತಲ್ಲ, ಇನ್ನು ರಿಪೇರಿಗೆ ದುಡ್ಡು ಸುರಿಯೋದು ದಂಡ. ಹೊಸದು ಆರ್ಡರ್ ಮಾಡ್ಬಿಟ್ಟೆ."

ಅಮೆರಿಕದಲ್ಲಿರೋ ನಮ್ಮ ಕನ್ನಡದ ಗೆಳೆಯರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹೇಳೋರು ಯಾರು ಅಂತೀರಾ? ರಾತ್ರಿ ಎರಡು ಗಂಟೆಗೆ ಎದ್ದು ಕೂತು, ಸಾವಿರಾರು ಸಾಲಿನ ಲಾಗ್ ಜಾಲಾಡಿ, ಎಲ್ಲೋ ಅಡಗಿರೋ ಒಂದು ಬಗ್ ಹಿಡಿದು ತರೋ ಇಂಜಿನಿಯರುಗಳು! ಮನೆಯಲ್ಲಿರೋ ತಗಡಿನ ಡಬ್ಬವೊಂದು ಬಿಸಿಯಾಗದಿದ್ದರೆ ಮಾತ್ರ ಕಲಿತ ಡೀಬಗ್ಗಿಂಗ್ ಎಲ್ಲಾ ಮರೆತು ಕ್ರೆಡಿಟ್ ಕಾರ್ಡ್ ತೆಗೀತಾರೆ. (ಕ್ಲೌಡಿನಲ್ಲೂ ಕೆಟ್ಟ ಸರ್ವರ್ ಬಿಸಾಕಿ ಹೊಸದು ಎಬ್ಬಿಸ್ತೀವಲ್ಲ ಅಂತ ಕಾಲೆಳೀಬೇಡಿ :-))

ನನ್ನ ತಕರಾರು ಬರೀ ದುಡ್ಡಿನದ್ದಲ್ಲ. ಎಷ್ಟೋ ಸಲ ಕೆಟ್ಟಿರೋದು ಮಶೀನಲ್ಲ, ಅದರ ಬೆನ್ನಿಗಿರೋ ಕೊಳವೆ. ಮಶೀನು ಬದಲಾಯಿಸಿದರೂ ಕೊಳವೆ ಅಲ್ಲೇ ಇರುತ್ತೆ. ಅದರೊಳಗೆ ತುಂಬಿರೋ, ಕಿಡಿ ತಾಗಿದರೆ ಹತ್ತಿಕೊಳ್ಳೋ ಸರಕೂ ಅಲ್ಲೇ ಇರುತ್ತೆ.

ಡ್ರೈಯರ್ ಅಂದ್ರೆ ಏನು ಮಹಾ? ಒಂದು ಮೋಟಾರು, ಅದು ತಿರುಗಿಸೋ ಒಂದು ಡ್ರಮ್ಮು ಮತ್ತು ಒಂದು ಫ್ಯಾನು, ಜೊತೆಗೆ ಒಂದು ಹೀಟರ್ ಕಾಯಿಲ್ ಅಥವಾ ಗ್ಯಾಸ್ ಬರ್ನರ್. ಬಿಸಿ ಗಾಳಿ ಒದ್ದೆ ಬಟ್ಟೆಗಳ ನಡುವೆ ಹಾದು, ತೇವ ಹೊತ್ತುಕೊಂಡು, 4 ಇಂಚಿನ ಕೊಳವೆಯಲ್ಲಿ ಮನೆಯ ಹೊರಗೆ ಹೋಗುತ್ತೆ. ಜೊತೆಗೆ ಬಟ್ಟೆಯಿಂದ ಉದುರೋ ನವಿರಾದ ಎಳೆಗಳೂ ಹೋಗ್ತವೆ. ಇದೇ ಲಿಂಟು. ಜಾಲರಿ ಬಹುಪಾಲನ್ನು ಹಿಡಿಯುತ್ತೆ, ಎಲ್ಲವನ್ನೂ ಅಲ್ಲ. ಉಳಿದದ್ದು ಕೊಳವೆಯ ತಿರುವುಗಳಲ್ಲಿ ಅಂಟಿ ಕೂರುತ್ತೆ. ವರ್ಷಗಟ್ಟಲೆ ಹೀಗೆ ಕೂತರೆ ಗಾಳಿ ಹೊರಗೆ ಹೋಗಲ್ಲ, ಶಾಖ ಒಳಗೇ ಏರುತ್ತೆ. ಆಗ ಥರ್ಮಲ್ ಫ್ಯೂಸ್ ಅನ್ನೋ ಪುಟ್ಟ ಬಿಡಿಭಾಗ ತನ್ನ ಪ್ರಾಣ ಕೊಟ್ಟು ನಿಮ್ಮ ಮನೆ ಉಳಿಸುತ್ತೆ. ಒಮ್ಮೆ ಹೋದರೆ ಹೋಯ್ತು, ಬೇರೆಯದನ್ನೇ ಹಾಕಬೇಕು. ಬೆಲೆ ಕೆಲವೇ ಡಾಲರು. ಇದು ಹೋದಾಗ ಕೆಲವು ಮಾಡೆಲ್‌ಗಳು ಸ್ಟಾರ್ಟೇ ಆಗಲ್ಲ. ಇನ್ನು ಕೆಲವದರಲ್ಲಿ ಡ್ರಮ್ಮು ಆರಾಮಾಗಿ ತಿರುಗುತ್ತೆ, ಬಿಸಿ ಮಾತ್ರ ಬರಲ್ಲ.

ನನ್ನ ಗೆಳೆಯನೊಬ್ಬ ಇದೇ ಲಕ್ಷಣ ನೋಡಿ ಹಳೇದನ್ನು ಕಳಿಸಿ ಹೊಸ ಡ್ರೈಯರ್ ತಂದ. ಮೂರು ತಿಂಗಳಿಗೆ ಅದಕ್ಕೂ ಅದೇ ರೋಗ. "ಈಗಿನ ಮಶೀನುಗಳೇ ಸರಿ ಇಲ್ಲ" ಅಂತ ಅವನ ಗೋಳು. ಹೊರಗೋಡೆಯ ಮುಚ್ಚಳ ತೆಗೆದು ಕೈ ಹಾಕಿದರೆ ಹಾಸಿಗೆಯ ಹತ್ತಿ ಹಿಂಜಿ ತುರುಕಿದ ಹಾಗೆ ಲಿಂಟು! ಆ ಕೊಳವೆಯನ್ನು ಮಾರಿದವನೂ ನೋಡಿಲ್ಲ, ತಂದು ಜೋಡಿಸಿದವನೂ ನೋಡಿಲ್ಲ.

ಹಾಗಾದ್ರೆ ನೋಡೋದು ಹೇಗೆ? ಮೊದಲು ಡ್ರೈಯರ್ ಓಡಿಸಿ, ಮನೆ ಹೊರಗೆ ಹೋಗಿ, ಗಾಳಿ ಬರೋ ಬಾಯಿಗೆ ಕೈ ಒಡ್ಡಿ. ಮುಚ್ಚಳ ಪೂರ್ತಿ ತೆರೆದು ಗಾಳಿ ರಭಸವಾಗಿ ಬರಬೇಕು. ಸುಮ್ಮನೆ ಉಸಿರು ಬಿಟ್ಟಂತೆ ಬಂದರೆ ರೋಗ ಸಿಕ್ಕಿತು ಅಂತ ಅರ್ಥ. ಇದಕ್ಕೆ ಸ್ಕ್ರೂಡ್ರೈವರ್ ಕೂಡ ಬೇಡ.

ಎರಡನೆಯದು ಬ್ರೇಕರ್. ಅಮೆರಿಕದ ಎಲೆಕ್ಟ್ರಿಕ್ ಡ್ರೈಯರಿಗೆ 240 ವೋಲ್ಟ್ ಬರೋದು ಎರಡು 120 ವೋಲ್ಟಿನ ತಂತಿಗಳಿಂದ. ಮೋಟಾರಿಗೆ 120 ಸಾಕು, ಹೀಟರಿಗೆ 240 ಬೇಕು. ಒಂದು ತಂತಿಯ ಕರೆಂಟ್ ಹೋದರೆ ಡ್ರಮ್ಮು ತಿರುಗುತ್ತಲೇ ಇರುತ್ತೆ, ಬಿಸಿ ಇರಲ್ಲ. ನಾವು "ಕರೆಂಟ್ ಇದೆಯಲ್ಲ" ಅಂದ್ಕೊಂಡು ಮಶೀನಿಗೆ ಬೈತೀವಿ. 30 ಆಂಪಿಯರಿನ ಜೋಡಿ ಬ್ರೇಕರನ್ನು ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿ ನೋಡಿ.

ಮೂರನೆಯದು, ಬಟ್ಟೆ ಅರೆಬರೆ ಒಣಗಿದಾಗಲೇ ಆಟೋ ಸೈಕಲ್ ಮುಗಿದುಬಿಡೋದು. ಡ್ರಮ್ಮಿನೊಳಗೆ ಎರಡು ಲೋಹದ ಪಟ್ಟಿಗಳಿರ್ತವೆ. ಒದ್ದೆ ಬಟ್ಟೆ ಎರಡಕ್ಕೂ ತಾಗಿದರೆ ಚೂರು ಕರೆಂಟ್ ಹರಿದು "ಇನ್ನೂ ಒದ್ದೆ" ಅಂತ ತಿಳಿಯುತ್ತೆ. ಘಮಘಮ ಅನ್ನಲಿ ಅಂತ ನಾವು ಹಾಕೋ ಡ್ರೈಯರ್ ಶೀಟಿನ ಜಿಡ್ಡು ಆ ಪಟ್ಟಿಗಳ ಮೇಲೆ ಕೂತು ಮಶೀನಿಗೆ ಸುಳ್ಳು ಹೇಳುತ್ತೆ. ರಬ್ಬಿಂಗ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಇಷ್ಟಕ್ಕೂ ಬಗ್ಗದಿದ್ದರೆ ಪ್ಲಗ್ ಕಿತ್ತು ಹೊರಕವಚ ಬಿಚ್ಚಿ. ಗ್ಯಾಸ್ ಡ್ರೈಯರ್ ಆದರೆ ಬೇಡ, ಅದಕ್ಕೆ ಬಲ್ಲವರನ್ನೇ ಕರೀರಿ. ಎಲೆಕ್ಟ್ರಿಕ್ ಆದರೆ ಮಲ್ಟಿಮೀಟರ್ ಹಿಡೀರಿ. ಫ್ಯೂಸಿನ ತಂತಿ ಬಿಡಿಸಿ ಅಳೆದಾಗ ರೆಸಿಸ್ಟೆನ್ಸ್ ಸೊನ್ನೆಯ ಹತ್ತಿರ ಇರಬೇಕು. ಹೀಟರಿನದು 5400 ವ್ಯಾಟ್ ಅಂತಿಟ್ಟುಕೊಳ್ಳಿ, 240 ವೋಲ್ಟಿನ ವರ್ಗವನ್ನು 5400ರಿಂದ ಭಾಗಿಸಿದರೆ ಸುಮಾರು 10.7 ಓಮ್. ಪಿಯುಸಿ ಫಿಸಿಕ್ಸ್ ಸ್ವಾಮಿ, ಇಂಜಿನಿಯರಿಂಗ್ ಕೂಡ ಅಲ್ಲ!

ಬಿಡಿಭಾಗ ತರಿಸೋಕೆ ಮುಂಚೆ ಮಶೀನಿನ ಗುರುತು ಪತ್ತೆ ಮಾಡಿ. ಹೊರಗಿರೋ ಹೆಸರು ನಂಬಬೇಡಿ. ಕೆನ್‌ಮೋರ್ ಅಂತ ಬರೆದಿದ್ದು ಮಾಡೆಲ್ ನಂಬರ್ 110ರಿಂದ ಶುರುವಾದರೆ ಮಾಡಿದ್ದು ವರ್ಲ್‌ಪೂಲ್, 796 ಆದರೆ ಎಲ್‌ಜಿ. ಬಾಗಿಲು ತೆಗೆದರೆ ಚೌಕಟ್ಟಿನ ಮೇಲೆ ಸಾಮಾನ್ಯವಾಗಿ ಮಾಡೆಲ್ ನಂಬರಿನ ಚೀಟಿ ಸಿಗುತ್ತೆ. ಇನ್ನೊಂದು ತಮಾಷೆ ಕೇಳಿ. ಎಷ್ಟೋ ಮಶೀನುಗಳಲ್ಲಿ ವೈರಿಂಗ್ ನಕ್ಷೆ ಇರೋ ಹಾಳೆಯನ್ನು ಕವಚದೊಳಗೇ ಮಡಚಿ ಇಟ್ಟಿರ್ತಾರೆ. ದುಡ್ಡು ಕೊಟ್ಟವನಿಗೆ ಮಾತ್ರ ಅದು ಅಲ್ಲಿದೆ ಅಂತ ಯಾರೂ ಹೇಳಲ್ಲ. ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈ 1ರಿಂದ ಜಾರಿಯಾದ ರಿಪೇರಿ ಹಕ್ಕಿನ ಕಾನೂನು ಇಂಥ ಗೃಹೋಪಕರಣಗಳಿಗೂ ಅನ್ವಯಿಸುತ್ತೆ. ಒಳ್ಳೇದೇ. ಆದರೆ ಕವಚ ಬಿಚ್ಚೋಕೆ ಮನಸ್ಸಿಲ್ಲದವನಿಗೆ ಕಾನೂನು ಏನು ಮಾಡೀತು?

"ನನ್ನ ಒಂದು ಗಂಟೆಗೆ ಎಷ್ಟು ಬೆಲೆ ಗೊತ್ತಾ" ಅನ್ನೋರಿಗೆ ಒಂದು ಲೆಕ್ಕ. ಅಮೆರಿಕದ ಅಗ್ನಿಶಾಮಕ ಆಡಳಿತದ ವರದಿ ಪ್ರಕಾರ 2008ರಿಂದ 2010ರವರೆಗೆ ಅಲ್ಲಿನ ಮನೆಗಳಲ್ಲಿ ವರ್ಷಕ್ಕೆ ಸುಮಾರು 2,900 ಡ್ರೈಯರ್ ಬೆಂಕಿ ಅನಾಹುತ. ಸತ್ತವರು ವರ್ಷಕ್ಕೆ ಐದು, ಗಾಯಗೊಂಡವರು ನೂರು. ಮುಖ್ಯ ಕಾರಣ ಯಾವುದು ಗೊತ್ತಾ? ಶುಚಿ ಮಾಡದೇ ಇದ್ದದ್ದು, ಶೇಕಡಾ 34. ನಿಮ್ಮ ಗಂಟೆಯ ಬೆಲೆ ಆ ಬೆಂಕಿಗೆ ಗೊತ್ತಿರಲ್ಲ.

ಎಲ್ಲಾ ತಪ್ಪೂ ನಮ್ಮದೇ ಅಂತಲೂ ಅಲ್ಲ. 2004ರಿಂದ 2015ರವರೆಗೆ ತಯಾರಾಗಿ ಬ್ರಿಟನ್ನಿನಲ್ಲಿ ಮಾರಾಟವಾದ ಹಾಟ್‌ಪಾಯಿಂಟ್, ಇಂಡೆಸಿಟ್ ಮುಂತಾದ ಹೆಸರಿನ ಲಕ್ಷಾಂತರ ಡ್ರೈಯರುಗಳಲ್ಲಿ ಲಿಂಟು ಹೀಟರಿಗೆ ತಾಗೋ ದೋಷ ಇತ್ತು. 2016ರ ಆಗಸ್ಟಿನಲ್ಲಿ ಲಂಡನ್ನಿನ ಶೆಫರ್ಡ್ಸ್ ಬುಷ್‌ನಲ್ಲಿ ಒಂದು ಬಹುಮಹಡಿ ಕಟ್ಟಡಕ್ಕೇ ಬೆಂಕಿ ಬಿತ್ತು. ವರ್ಲ್‌ಪೂಲ್ ಪೂರ್ತಿ ರೀಕಾಲ್ ಮಾಡಿದ್ದು 2019ರಲ್ಲಿ. ಗುರುತಿನ ನಂಬರ್ ಬರೆದಿಟ್ಟುಕೊಳ್ಳಿ ಅನ್ನೋದು ಇದಕ್ಕೂ ಸೇರಿ.

ಇನ್ನೊಂದು ಜಾತಿ ಇದೆ, ನಮ್ಮ ಜುಗಾಡ್ ವೀರರು. ಫ್ಯೂಸ್ ಹೋಯ್ತು ಅಂತ ಎರಡು ತಂತಿ ಸೇರಿಸಿ ಟೇಪ್ ಸುತ್ತಿ "ಹೇಗಿದೆ ನೋಡು" ಅಂತ ಮೀಸೆ ತಿರುವೋರು. ಇವರನ್ನು ಕಂಡರೆ ಹೊಸದು ಕೊಳ್ಳೋರೇ ವಾಸಿ ಅನ್ಸುತ್ತೆ. ಎಕ್ಸೆಪ್ಶನ್ ಬಂತು ಅಂತ ಖಾಲಿ ಕ್ಯಾಚ್ ಬ್ಲಾಕ್ ಬರೆದು ನುಂಗೋ ಕೋಡಿಗೂ ಇದಕ್ಕೂ ವ್ಯತ್ಯಾಸ ಇಲ್ಲ. ಅಲ್ಲಿ ಡೇಟಾ ಹೋಗುತ್ತೆ, ಇಲ್ಲಿ ಮಲಗಿರೋ ಮಕ್ಕಳಿರ್ತಾರೆ.

ಮಾಡಬೇಕಾದದ್ದು ಇಷ್ಟೇ. ಪ್ರತಿ ಸಲ ಜಾಲರಿಯ ಲಿಂಟು ತೆಗೀರಿ. ಆಗಾಗ ಜಾಲರಿಗೆ ನೀರು ಹುಯ್ದು ನೋಡಿ, ನೀರು ನಿಂತರೆ ಸೋಪು ಹಾಕಿ ಉಜ್ಜಿ. ವರ್ಷಕ್ಕೊಮ್ಮೆ ಕೊಳವೆ ಬಿಚ್ಚಿ ಉದ್ದನೆ ಬ್ರಷ್ಷಿನಲ್ಲಿ ತೆಗೀರಿ. ಪ್ಲಾಸ್ಟಿಕ್ ಅಥವಾ ತೆಳು ಫಾಯಿಲಿನ ಕೊಳವೆ ಇದ್ದರೆ ಕಿತ್ತು ಗಟ್ಟಿ ಲೋಹದ್ದು ಹಾಕಿಸಿ. ಬಾಡಿಗೆ ಮನೆಯಾದರೆ ಮಾಲೀಕರಿಗೆ ಈಮೇಲ್ ಬರೀರಿ, ಬಾಯಿಮಾತು ಬೇಡ. ಮಲಗುವಾಗ, ಹೊರಗೆ ಹೋಗುವಾಗ ಡ್ರೈಯರ್ ಓಡಿಸಬೇಡಿ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೂ ಈಗ ವಾಷರ್-ಡ್ರೈಯರುಗಳು ಬಂದಿವೆ. ಅವುಗಳಲ್ಲಿ ಎಷ್ಟೋ ಮಶೀನುಗಳಿಗೆ ಹೊರಗೆ ಹೋಗೋ ಕೊಳವೆ ಇರಲ್ಲ, ಆದರೆ ಲಿಂಟು ಇದ್ದೇ ಇರುತ್ತೆ. ಅದು ಎಲ್ಲಿ ಸೇರುತ್ತೆ, ತೆಗೆಯೋದು ಹೇಗೆ ಅಂತ ಮ್ಯಾನುಯಲ್ಲಿನಲ್ಲಿ ಓದಿದವರು ಎಷ್ಟು ಜನ ಇದ್ದೀರಿ? ನಿಜ ಹೇಳಿ, ಬೈಯಲ್ಲ :-)