ನಲ್ಲಿ ಖಾಲಿ, ಮೋರಿ ಭರ್ತಿ

2021ರ ಅಕ್ಟೋಬರ್, ನವೆಂಬರ್ ತಿಂಗಳ ಮಳೆಗೆ ಚಿಕ್ಕಬಳ್ಳಾಪುರ ಜಿಲ್ಲೆಯ ಜಕ್ಕಲಮಡಗು ಜಲಾಶಯ ತುಂಬಿ ಹರಿಯಿತು. ಕಂದವಾರ ಕೆರೆ ಕೋಡಿ ಬಿತ್ತು. ಗೌರಿಬಿದನೂರಿನಲ್ಲಿ, ವರ್ಷವಿಡೀ ಮರಳು ತೋರಿಸಿಕೊಂಡು ಮಲಗಿರುತ್ತಿದ್ದ ಉತ್ತರ ಪಿನಾಕಿನಿ ನದಿಯಂತೆಯೇ ಹರಿಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಮರುವರ್ಷದ ಬೇಸಿಗೆಯಲ್ಲಿ ಇದೇ ಜಿಲ್ಲೆಯ ಪಟ್ಟಣಗಳ ಬೀದಿಗಳಲ್ಲಿ ಟ್ಯಾಂಕರ್ ಹಿಂದೆ ಕೊಡಗಳ ಸಾಲು. ಮಳೆ ಬಂದಾಗ ‘ಪ್ರವಾಹ’ದ ಕಡತ, ಹೋದಾಗ ‘ಬರ’ದ ಕಡತ. ಎರಡನ್ನೂ ಬೇರೆ ಬೇರೆ ಕೋಣೆಯ ಬೇರೆ ಬೇರೆ ಗುಮಾಸ್ತರು ನೋಡಿಕೊಳ್ಳುತ್ತಾರೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕೂ ಪಟ್ಟಣಗಳ ನೀರಿನ ಕೊರತೆಗೂ ಮಳೆಗಾಲದಲ್ಲಿ ಮೋರಿ ಉಕ್ಕಿ ಕೆರೆ ಸೇರುವುದಕ್ಕೂ ಇರುವ ಸಂಬಂಧವನ್ನು ನಾವು ಸರಿಯಾಗಿ ನೋಡಿಲ್ಲ. ಇವು ಎರಡು ಕಾಯಿಲೆಗಳಲ್ಲ. ಒಂದೇ ಕಾಯಿಲೆಯ ಬೇಸಿಗೆ ರೂಪ ಒಂದು, ಮಳೆಗಾಲದ ರೂಪ ಇನ್ನೊಂದು.

ಒಳಚರಂಡಿಯ ಕೊಳವೆಯನ್ನೇ ತೆಗೆದುಕೊಳ್ಳಿ. ಅದನ್ನು ವಿನ್ಯಾಸ ಮಾಡುವಾಗ ಎಂಜಿನಿಯರುಗಳು ಇಟ್ಟುಕೊಳ್ಳುವ ಲೆಕ್ಕ, ತಲೆಗೆ ದಿನಕ್ಕೆ 135 ಲೀಟರ್ ನೀರು ಪೂರೈಕೆ, ಅದರಲ್ಲಿ ಶೇ 80ರಷ್ಟು ಚರಂಡಿಗೆ ವಾಪಸ್. ಅಷ್ಟು ನೀರು ಸೆಕೆಂಡಿಗೆ ಎರಡು ಅಡಿಯಷ್ಟಾದರೂ ವೇಗದಲ್ಲಿ ಹರಿದರೆ ಮಲ, ಮಣ್ಣು, ಅಡುಗೆಮನೆಯ ಜಿಡ್ಡು ಎಲ್ಲವನ್ನೂ ತಳ್ಳಿಕೊಂಡು ಹೋಗುತ್ತದೆ. ಕೊಳವೆ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಆದರೆ ನಲ್ಲಿಯಲ್ಲಿ ವಾರಕ್ಕೊಮ್ಮೆ ನೀರು ಬರುವ ಊರಿನಲ್ಲಿ ಆ ಹರಿವು ಎಲ್ಲಿಂದ ಬರಬೇಕು? ಪಾತ್ರೆ ತೊಳೆದ ನೀರನ್ನೇ ಶೌಚಾಲಯಕ್ಕೆ ಸುರಿಯುವ ಮನೆಯಿಂದ ಕೊಳವೆಗೆ ಬೀಳುವುದು ನೀರಲ್ಲ, ಗಟ್ಟಿ ಗೊಜ್ಜು. ಅದು ಹರಿಯುವುದಿಲ್ಲ, ಕೂರುತ್ತದೆ. ಫೆಬ್ರುವರಿಯಿಂದ ಮೇವರೆಗೆ ಪದರದ ಮೇಲೆ ಪದರ. ಮೊದಲ ಜೋರು ಮಳೆಗೆ ಮ್ಯಾನ್‌ಹೋಲ್ ಮುಚ್ಚಳ ಮೇಲೇಳುವುದು ಬರೀ ಮಳೆ ಹೆಚ್ಚಾಗಿದ್ದಕ್ಕಲ್ಲ. ನಾಲ್ಕು ತಿಂಗಳು ನೀರು ಕಡಿಮೆಯಾಗಿದ್ದಕ್ಕೂ ಹೌದು.

ಉಳಿದ ಕೆಲಸವನ್ನು ನಾವೇ ಮಾಡಿರುತ್ತೇವೆ. ತಾರಸಿಯ ಮಳೆನೀರಿನ ಪೈಪನ್ನು ರಸ್ತೆ ಬದಿಯ ಚರಂಡಿಗೆ ಬಿಡುವ ಬದಲು ಒಳಚರಂಡಿಯ (ಯುಜಿಡಿ) ಚೇಂಬರಿಗೆ ಜೋಡಿಸಿದ ಮನೆಗಳು ಪ್ರತಿ ಬಡಾವಣೆಯಲ್ಲೂ ಇವೆ. ಯುಜಿಡಿ ಇಲ್ಲದ ಕಡೆ ಶೌಚಗುಂಡಿಯ ಹೆಚ್ಚುವರಿ ನೀರು ಮಳೆನೀರಿನ ಚರಂಡಿಗೆ. ಅಂದರೆ ಕಾಗದದ ಮೇಲೆ ಎರಡು ಜಾಲ, ನೆಲದ ಮೇಲೆ ಒಂದೇ. ಅರ್ಧ ಗಂಟೆ ಬಿರುಮಳೆ ಸುರಿದರೆ ಕೊಳವೆಯ ಅಳತೆ ಮೀರಿ ನೀರು ನುಗ್ಗುತ್ತದೆ. ಅದೇ ಹೊತ್ತಿಗೆ ಕರೆಂಟ್ ಹೋಗಿರುತ್ತದೆ. ಕೊಳಚೆ ಸಂಗ್ರಹವಾಗುವ ವೆಟ್‌ವೆಲ್‌ನ ಪಂಪು ನಿಂತರೆ ಅಲ್ಲಿಂದ ಹಿಮ್ಮುಖವಾಗಿ ಒತ್ತಡ ಹುಟ್ಟಿ, ತಗ್ಗಿನಲ್ಲಿರುವ ಬೀದಿಯ ಚೇಂಬರು ಮೊದಲು ಉಕ್ಕುತ್ತದೆ. ತಗ್ಗಿನ ಬೀದಿಯಲ್ಲಿ ಯಾರಿರುತ್ತಾರೆ ಎಂಬುದನ್ನು ಯಾವ ಪಟ್ಟಣದವರಿಗೂ ಬಿಡಿಸಿ ಹೇಳಬೇಕಿಲ್ಲ. ಉಕ್ಕಿದ್ದು ರಾಜಕಾಲುವೆ ಸೇರುತ್ತದೆ, ರಾಜಕಾಲುವೆ ಕೆರೆ ಸೇರುತ್ತದೆ. ರಾಜಕಾಲುವೆಯ ಕೆಲಸವೇ ಅದು. ಕೆರೆಗೆ ನೀರು ತರಲೆಂದೇ ಅದನ್ನು ತೋಡಿದ್ದು.

ಶಿಡ್ಲಘಟ್ಟದಲ್ಲಿ ಇದಕ್ಕೆ ಇನ್ನೊಂದು ಬಣ್ಣ. ರೇಷ್ಮೆ ನೂಲು ತೆಗೆಯುವ ಮನೆಗಳ ಓಣಿಯಲ್ಲಿ ಬೆಳಗಿನ ಹೊತ್ತು ನಡೆದರೆ ಮೋರಿಯಲ್ಲಿ ಹಬೆಯಾಡುವ ನೀರು ಕಾಣುತ್ತದೆ. ಗೂಡು ಬೇಯಿಸಿದ ಬಾಣಲೆಯ ನೀರದು, ಸೋಸದ ಚಹಾದ ಬಣ್ಣ, ಮೇಲೆ ತೆಳು ನೊರೆ, ನಡುನಡುವೆ ತೇಲುವ ಸತ್ತ ಹುಳು. ವಾಸನೆ ಊರಿನವರಿಗೆ ರೂಢಿಯಾಗಿಬಿಟ್ಟಿದೆ, ಬಸ್ಸಿಳಿದ ನೆಂಟರು ಮಾತ್ರ ಮೂಗು ಮುಚ್ಚಿಕೊಳ್ಳುತ್ತಾರೆ. ಗೂಡಿನ ಅಂಟಿನಲ್ಲಿರುವುದು ಪ್ರೋಟೀನು, ವಿಷವಲ್ಲ. ಆದರೆ ಅದು ಕೊಳೆಯುವಾಗ ನೀರಿನ ಆಮ್ಲಜನಕವನ್ನು ಹೀರುತ್ತದೆ. ಪಟ್ಟಣದ ಅನ್ನಕ್ಕೆ ದಾರಿಯಾದ ಕಸುಬು ಇದು. ಸಣ್ಣ ರೀಲರ್ ಒಬ್ಬೊಬ್ಬರೂ ಸಂಸ್ಕರಣಾ ಘಟಕ ಕಟ್ಟಲಿ ಎನ್ನುವುದು ಅರ್ಥವಿಲ್ಲದ ಮಾತು. ಓಣಿಗೊಂದು ಸಾಮೂಹಿಕ ವ್ಯವಸ್ಥೆಯನ್ನು ಸರ್ಕಾರ ಮಾಡಿಕೊಡಬೇಕು. ರೇಷ್ಮೆಗೆ ಇಲಾಖೆ ಇದೆ, ಮಾರುಕಟ್ಟೆ ಇದೆ, ಸಬ್ಸಿಡಿ ಇದೆ. ಬಾಣಲೆಯ ನೀರಿಗೆ ಮಾತ್ರ ಮೋರಿ.

ಈ ಸೀಮೆಗೆ ಕೆರೆ ಹಾಳಾಗುವುದು ಬೇರೆ ಕಡೆಗಿಂತ ದೊಡ್ಡ ನಷ್ಟ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ ನಂದಿಬೆಟ್ಟದ ಸಾಲಿನಲ್ಲೇ ಹುಟ್ಟುತ್ತವೆ, ಆದರೆ ಒಂದೂ ವರ್ಷಪೂರ್ತಿ ಹರಿಯುವುದಿಲ್ಲ. 1892ರಲ್ಲಿ ಮೈಸೂರು ಮತ್ತು ಮದ್ರಾಸ್ ನಡುವೆ ಆದ ಒಪ್ಪಂದ, ಮದ್ರಾಸನ್ನು ಕೇಳದೆ ಹೊಸ ನೀರಾವರಿ ಕಾಮಗಾರಿ ಮಾಡಬಾರದೆಂದು ಹೆಸರಿಸಿದ ನದಿಗಳ ಪಟ್ಟಿಯಲ್ಲಿ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಪಾಲಾರ್ ಎಲ್ಲವೂ ಇದ್ದವು. ದೊಡ್ಡ ಅಣೆಕಟ್ಟೆಯ ಭಾಗ್ಯ ಹೀಗೆ ತಪ್ಪಿದ ನಾಡಿಗೆ ಉಳಿದದ್ದು ಕೆರೆಯೇ. ಈ ಪಟ್ಟಣಗಳೂ ಸೇರಿದ್ದ ಅವಿಭಜಿತ ಕೋಲಾರ ಜಿಲ್ಲೆಯಲ್ಲಿ 4,000ಕ್ಕೂ ಹೆಚ್ಚು ಕೆರೆಗಳಿದ್ದವು; ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಯ ಪೋಷಕ ಕಾಲುವೆ. ಹೂಳು, ಒತ್ತುವರಿ, ನೀಲಗಿರಿ, ಸಾವಿರ ಅಡಿ ದಾಟಿದ ಕೊಳವೆಬಾವಿಗಳು ಈ ಸರಪಳಿಯನ್ನು ಒಣಗಿಸಿದವು. ಆಳದಿಂದ ಬಂದ ನೀರಿನಲ್ಲಿ ಫ್ಲೋರೈಡ್. ಅದಕ್ಕೆ ಉತ್ತರವಾಗಿ ಊರೂರಿಗೆ ಶುದ್ಧ ನೀರಿನ ಘಟಕ. ಆ ಘಟಕ ಒಂದು ಕ್ಯಾನು ನೀರು ಸೋಸಿ ಕೊಡುವಾಗ ಪಕ್ಕದ ಮೋರಿಗೆ ಬಿಡುವ ಉಪ್ಪು ನೀರನ್ನು ಯಾರೂ ಅಳೆಯುವುದಿಲ್ಲ.

ಸರಪಳಿಯ ಈ ಗುಣವೇ ಈಗ ತಿರುಗಿ ಬಿದ್ದಿದೆ. ಮೇಲಿನ ಕೆರೆಯ ನೀರು ಕೆಳಗಿನದಕ್ಕೆ ಹೋಗುತ್ತದೆ ಎಂದರೆ, ಮೇಲಿನ ಪಟ್ಟಣದ ಕೊಳಚೆಯೂ ಹೋಗುತ್ತದೆ. ಕೋಡಿ ಬಿದ್ದ ದಿನ ಜನಪ್ರತಿನಿಧಿಗಳು ಬಂದು ಬಾಗಿನ ಬಿಡುತ್ತಾರೆ, ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಹತ್ತು ವರ್ಷ ಬಾಯಾರಿದ ಊರಿಗೆ ಅದು ನಿಜಕ್ಕೂ ಹಬ್ಬವೇ, ಗೇಲಿ ಮಾಡಬೇಕಿಲ್ಲ. ಅದೇ ದಿನ ಅದೇ ಕೋಡಿಯಲ್ಲಿ ಒಂದು ಬಾಟಲಿ ನೀರು ಹಿಡಿದು ಪ್ರಯೋಗಾಲಯಕ್ಕೆ ಕಳಿಸಿದ್ದರೆ ಚೆನ್ನಾಗಿರುತ್ತಿತ್ತು, ಅಷ್ಟೆ.

ಇನ್ನು ಬೆಂಗಳೂರಿನ ನೀರಿನ ಮಾತು. ಹೆಬ್ಬಾಳ–ನಾಗವಾರ ಕಣಿವೆ ಯೋಜನೆ ದಿನಕ್ಕೆ 21 ಕೋಟಿ ಲೀಟರ್ ಸಂಸ್ಕರಿತ ಕೊಳಚೆ ನೀರನ್ನು 65 ಕೆರೆಗಳಿಗೆ ಹರಿಸಲು ರೂಪಿಸಿದ್ದು. ಅದರಲ್ಲಿ 44 ಕೆರೆ ಚಿಕ್ಕಬಳ್ಳಾಪುರ ಜಿಲ್ಲೆಯವು. ವೆಚ್ಚ ₹883 ಕೋಟಿ. ಚಿಂತಾಮಣಿಯ ಕೆಲವು ಕೆರೆಗಳಿಗೆ ಕೋಲಾರಕ್ಕೆಂದು ರೂಪಿಸಿದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ನೀರು. ಎರಡು ಹಂತದ ಶುದ್ಧೀಕರಣ ಸಾಲದು, ಸಾರಜನಕ, ರಂಜಕ, ಭಾರಲೋಹ ಹೋಗಬೇಕಾದರೆ ಮೂರನೇ ಹಂತ ಬೇಕು ಎಂದು ಇಲ್ಲಿನ ನೀರಾವರಿ ಹೋರಾಟಗಾರರು ವರ್ಷಗಳಿಂದ ಪಟ್ಟು ಹಿಡಿದಿದ್ದಾರೆ. 2018ರ ಜುಲೈಯಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದು, ಹೈಕೋರ್ಟ್ ತಡೆ ಕೊಟ್ಟಿದ್ದನ್ನು ಯಾರೂ ಮರೆತಿಲ್ಲ. ಆ ಬೇಡಿಕೆ ನ್ಯಾಯವಾದದ್ದು. 2016ರ ಮಾರ್ಚ್‌ನಲ್ಲಿ ಟ್ರ್ಯಾಕ್ಟರ್ ಏರಿ ಬೆಂಗಳೂರಿಗೆ ಹೋಗಿ ಲಾಠಿ ಏಟು ತಿಂದ ರೈತರು ಶಾಶ್ವತ ನೀರಾವರಿ ಕೇಳಿದ್ದರೇ ಹೊರತು ರಾಜಧಾನಿಯ ಸ್ನಾನದ ನೀರನ್ನಲ್ಲ.

ಆದರೆ ಬೆಂಗಳೂರಿಗೆ ಮೂರನೇ ಹಂತ ಕೇಳುವ ನಾವು ನಮ್ಮ ಪಟ್ಟಣಗಳಿಗೆ ಎಷ್ಟನೇ ಹಂತ ಕೇಳಿದ್ದೇವೆ? ಬೆಂಗಳೂರಿನಿಂದ ಪೈಪಿನಲ್ಲಿ ಬರುವ ನೀರು ಎರಡು ಹಂತವನ್ನಾದರೂ ದಾಟಿರುತ್ತದೆ. ಮಳೆ ದಿನ ನಮ್ಮ ರಾಜಕಾಲುವೆಯಿಂದ ಇಳಿಯುವುದು ಒಂದನ್ನೂ ದಾಟಿರುವುದಿಲ್ಲ. ಎರಡೂ ಒಂದೇ ಕೆರೆಯಲ್ಲಿ ಕೂಡಿದ ಮೇಲೆ ನೀರು ಕೆಟ್ಟರೆ, ಬೆಂಗಳೂರು ‘ನಿಮ್ಮದು’ ಎನ್ನುತ್ತದೆ, ನಾವು ‘ನಿಮ್ಮದು’ ಎನ್ನುತ್ತೇವೆ. ನಮ್ಮ ಮನೆಯ ಮೋರಿ ಬಿಗಿಯಾಗಿದ್ದರೆ ಆ ವಾದದಲ್ಲಿ ನಾವು ಗೆಲ್ಲಬಹುದಿತ್ತು. ಇನ್ನೊಂದು ತೊಡಕೂ ಇದೆ. ಪೈಪಿನ ನೀರಿನಿಂದ ಮೊದಲೇ ಕಂಠಮಟ್ಟ ತುಂಬಿದ ಕೆರೆಯಲ್ಲಿ ಮಳೆನೀರಿಗೆ ಜಾಗವಿರುವುದಿಲ್ಲ. ಆಗಸ್ಟ್ ಹೊತ್ತಿಗೆ ಪಂಪಿಂಗ್ ತಗ್ಗಿಸಿ ಕೆರೆಯಲ್ಲಿ ಒಂದಷ್ಟು ಅಡಿ ಖಾಲಿ ಇಡುವ ವೇಳಾಪಟ್ಟಿ ಬೇಕು. ಹಿಂದೆ ತೂಬಿನ ಲೆಕ್ಕ ಬಲ್ಲ ನೀರುಗಂಟಿ ಮಾಡುತ್ತಿದ್ದ ಕೆಲಸ ಇದು.

ಲೆಕ್ಕ ಹಾಕೋಣ. 2011ರ ಜನಗಣತಿಯಂತೆ ನಾಲ್ಕೂ ಪಟ್ಟಣಗಳ ಜನಸಂಖ್ಯೆ ಸೇರಿ ಸುಮಾರು 2.25 ಲಕ್ಷ. ಈಗ ಇನ್ನೂ ಹೆಚ್ಚು. ಆ ಹಳೆಯ ಸಂಖ್ಯೆಯನ್ನೇ ಇಟ್ಟುಕೊಂಡು, ತಲೆಗೆ 135 ಲೀಟರ್ ಬದಲು ಬರೀ 70 ಎಂದುಕೊಂಡರೂ, ಅದರ ಶೇ 80ರಂತೆ ದಿನಕ್ಕೆ ಸುಮಾರು 1.25 ಕೋಟಿ ಲೀಟರ್ ಕೊಳಚೆ ಹುಟ್ಟುತ್ತದೆ. ಬೆಂಗಳೂರಿನಿಂದ ಬರುವುದರ ಮುಂದೆ ಚಿಕ್ಕದು. ಆದರೆ ಇದನ್ನು ಬೆಟ್ಟ ಹತ್ತಿಸಿ ತರಬೇಕಿಲ್ಲ, ಊರಲ್ಲೇ ಇದೆ. ಬೇಸಿಗೆಯಲ್ಲಿ ಪಟ್ಟಣದಂಚಿನ ರೈತರು ಮೋರಿ ನೀರಿಗೆ ಮೋಟಾರು ಇಟ್ಟು ಹುಲ್ಲು, ಸೊಪ್ಪು ಬೆಳೆಯುವುದು ಯಾಕೆ? ಆ ನೀರಿಗೆ ಬೆಲೆ ಇದೆ ಎಂಬುದು ಅವರಿಗೆ ಗೊತ್ತು. ನಗರಸಭೆಯ ಆಯವ್ಯಯಕ್ಕೆ ಗೊತ್ತಿಲ್ಲ.

ಯಾಕೆ ಗೊತ್ತಿಲ್ಲ ಎಂದರೆ ಹೊಣೆ ಹಂಚಿಹೋಗಿದೆ. ಕೊಳವೆ ಹಾಕುವುದು ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ನಡೆಸುವುದು ನಗರಸಭೆ. 40 ಹೆಕ್ಟೇರ್‌ಗಿಂತ ಹೆಚ್ಚು ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಯದು, ಅದಕ್ಕಿಂತ ಕಡಿಮೆಯದು ಪಂಚಾಯತಿಯದು. ನೋಟಿಸ್ ಕೊಡುವುದು ಮಾಲಿನ್ಯ ನಿಯಂತ್ರಣ ಮಂಡಳಿ. ಕೊಳಚೆ ಕೆರೆಯ ಬಾಯಿ ದಾಟುವ ಆ ಹತ್ತಡಿ ಜಾಗ ಯಾರದ್ದೂ ಅಲ್ಲ. ಜಿಲ್ಲಾಧಿಕಾರಿ ಮನಸ್ಸು ಮಾಡಿದರೆ ಒಂದು ಬೇಸಿಗೆಯಲ್ಲಿ ಆಗುವ ಕೆಲಸಗಳಿವೆ: ರಾಜಕಾಲುವೆಗೆ ಕೊಳಚೆ ಸೇರುವ ಪ್ರತಿ ಬಿಂದುವಿನ ನಕ್ಷೆ, ಮೇ ಒಳಗೆ ಒಳಚರಂಡಿಯ ಹೂಳೆತ್ತುವುದು, ತಾರಸಿ ಪೈಪು ಕಡಿದು ಇಂಗುಗುಂಡಿಗೆ ತಿರುಗಿಸುವುದು, ವೆಟ್‌ವೆಲ್‌ಗೆ ಜನರೇಟರು ಮತ್ತು ಅದಕ್ಕೆ ಡೀಸೆಲ್ಲು. ಡೀಸೆಲ್ಲನ್ನು ಬೇರೆ ಹೇಳಬೇಕಾಯಿತು, ಯಾಕೆಂದರೆ ಜನರೇಟರು ಟೆಂಡರಿನಲ್ಲಿ ಬರುತ್ತದೆ, ಡೀಸೆಲ್ಲು ಬರುವುದಿಲ್ಲ.

ಸಹ್ಯಾದ್ರಿಯಿಂದ ಎತ್ತಿನಹೊಳೆ ಯೋಜನೆಯ ನೀರು ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. 2014ರಲ್ಲಿ ಅಡಿಗಲ್ಲು, 24 ಟಿಎಂಸಿ ಅಡಿ ಭರವಸೆ, ₹23 ಸಾವಿರ ಕೋಟಿ ದಾಟಿದ ಅಂದಾಜು. 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಕಡೆ ಮೊದಲ ಹಂತದ ಪಂಪು ತಿರುಗಿತು. ನೀರು ಇಲ್ಲಿಗೆ ಬಂದಿತೆಂದೇ ಇಟ್ಟುಕೊಳ್ಳಿ. ನಲ್ಲಿಯಲ್ಲಿ ದುಪ್ಪಟ್ಟು ನೀರು ಎಂದರೆ ಚರಂಡಿಯಲ್ಲೂ ದುಪ್ಪಟ್ಟು. ಅದನ್ನು ಹೊರುವ ಕೊಳವೆ, ಸಂಸ್ಕರಿಸುವ ಘಟಕ ಅಷ್ಟರೊಳಗೆ ಇರದಿದ್ದರೆ ಸಹ್ಯಾದ್ರಿಯ ನೀರು ಒಂದು ದಿನ ಅಡುಗೆಮನೆಯಲ್ಲಿ ತಂಗಿ, ಮಾರನೇ ದಿನ ಉತ್ತರ ಪಿನಾಕಿನಿಗೆ ಕೊಳಚೆಯಾಗಿ ಇಳಿಯುತ್ತದೆ.

ಗೌರಿಬಿದನೂರಿನಲ್ಲಿ, ನಗರಕ್ಕೆ ಹೋದ ನೀರು ಆಮೇಲೆ ಏನಾಗಬೇಕು ಎಂಬ ಈ ಪ್ರಶ್ನೆ ಈಗಾಗಲೇ ಬೀದಿಗೆ ಬಂದಿದೆ. ವಾಟದಹೊಸಹಳ್ಳಿ ಕೆರೆಯಿಂದ ನಗರಕ್ಕೆ ಕುಡಿಯುವ ನೀರು ಒಯ್ಯುವ ಅಮೃತ್ 2.0 ಯೋಜನೆಯನ್ನು ಅಚ್ಚುಕಟ್ಟಿನ ರೈತರು ವಿರೋಧಿಸುತ್ತಿದ್ದಾರೆ. ತೂಬು, ಸರದಿ, ನೀರುಗಂಟಿ ಇವನ್ನೆಲ್ಲ ತಾವೇ ಕಾಪಾಡಿಕೊಂಡು ಬಂದ ಜನ ಅವರು. ‘ನಗರಕ್ಕೆ ಕುಡಿಯಲು ಬೇಡವೇ’ ಎಂದು ಅವರನ್ನು ಸ್ವಾರ್ಥಿಗಳ ಸಾಲಿಗೆ ಸೇರಿಸುವುದು ಅನ್ಯಾಯ. ಕೆರೆಯಿಂದ ಹೋದ 100 ಲೀಟರ್‌ನಲ್ಲಿ 80 ಲೀಟರ್ ಚರಂಡಿಗೆ ಬೀಳುತ್ತದೆ. ಅದನ್ನು ಶುದ್ಧ ಮಾಡಿ ಗದ್ದೆ ತೋಟಗಳ ಬಳಕೆಗೆ ಹಿಂದಿರುಗಿಸುತ್ತೇವೆ, ಇಷ್ಟು ಸಾಮರ್ಥ್ಯದ ಘಟಕ, ಇಂಥ ತಾರೀಖಿನೊಳಗೆ ಎಂದು ನಗರಸಭೆ ಬರೆದುಕೊಡಲಿ. ಘಟಕ ಮೊದಲು, ಪೈಪು ಆಮೇಲೆ. ಆ ಕಾಗದ ಕೈಯಲ್ಲಿಲ್ಲದೆ ರೈತರು ಒಪ್ಪಬೇಕಾದ ಕಾರಣ ನನಗಂತೂ ಕಾಣುವುದಿಲ್ಲ.