ಈರುಳ್ಳಿಗೆ ತಕ್ಕಡಿ ಇದೆ, ಎಸಿ ಗ್ಯಾಸ್‌ಗೆ ಯಾಕಿಲ್ಲ? ಬೆಂಗಳೂರು ಉತ್ತರದ ಮನೆಗಳಿಗೆ ಬೇಸಿಗೆ ರಿಪೇರಿ ಬಿಲ್ಲಿನ ಬಿಸಿ

ಯಲಹಂಕ: ಫ್ಯಾನ್ ಹಾಕಿದರೆ ಸಾಕು ಎನ್ನುತ್ತಿದ್ದ ಊರಿನಲ್ಲಿ ಈಗ ಎರಡು ಬೆಡ್‌ರೂಮಿನ ಮನೆಗೂ ಎಸಿ ಬಂದಿದೆ. 2016ರ ಏಪ್ರಿಲ್‌ನಲ್ಲಿ ನಗರದ ಉಷ್ಣಾಂಶ 39.2 ಡಿಗ್ರಿ ಮುಟ್ಟಿತ್ತು. 2024ರ ಏಪ್ರಿಲ್ 28ರಂದು 38.5 ಡಿಗ್ರಿ. ಆ ಎರಡು ಬೇಸಿಗೆ ನೋಡಿದ ಮೇಲೆ ಸಹಕಾರನಗರ, ಯಲಹಂಕ ನ್ಯೂ ಟೌನ್, ಆರ್.ಟಿ. ನಗರದ ಬಾಲ್ಕನಿಗಳಲ್ಲಿ ಔಟ್‌ಡೋರ್ ಯೂನಿಟ್‌ಗಳು ಸಾಲಾಗಿ ನಿಂತವು. ಅವುಗಳಲ್ಲಿ ಬಹಳಷ್ಟಕ್ಕೆ ಈಗ ವಾರಂಟಿ ಮುಗಿದಿದೆ. ಜನ ಮೆಕ್ಯಾನಿಕ್‌ಗೆ ಫೋನ್ ಮಾಡುವ ಕಾಲ ಶುರುವಾಗಿದೆ.

ಮೆಕ್ಯಾನಿಕ್ ಬಂದು ಐದು ನಿಮಿಷಕ್ಕೆ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಗ್ಯಾಸ್ ಖಾಲಿ ಆಗಿದೆ ಸರ್, ತುಂಬಿಸಬೇಕು." ಸುಮಾರು ಎರಡೂವರೆ ಸಾವಿರದಿಂದ ಮೂರೂವರೆ ಸಾವಿರ ರೂಪಾಯಿ. ಮನೆಯವರು ಕೊಟ್ಟುಬಿಡುತ್ತಾರೆ. ಮುಂದಿನ ಮಾರ್ಚ್‌ಗೆ ಮತ್ತದೇ ಮಾತು, ಮತ್ತದೇ ದುಡ್ಡು.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಎಸಿಯ ಗ್ಯಾಸ್ ಸ್ಕೂಟರಿನ ಪೆಟ್ರೋಲ್ ಅಲ್ಲ, ಅಡುಗೆ ಸಿಲಿಂಡರ್ ಗ್ಯಾಸೂ ಅಲ್ಲ. ಅದು ಉರಿದು ಖರ್ಚಾಗುವುದಿಲ್ಲ. ಮುಚ್ಚಿದ ಪೈಪಿನೊಳಗೆ ಸುತ್ತುತ್ತಾ, ಒಳಗಿನ ಬಿಸಿಯನ್ನು ಹೊರಗೆ ಹಾಕುತ್ತಾ ಇರುತ್ತದೆ, ಅಷ್ಟೇ. ಹತ್ತು ವರ್ಷ ಆದರೂ ಅದೇ ಗ್ಯಾಸ್ ಇರಬೇಕು. ಕಡಿಮೆ ಆಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರಿಕೆ ಹುಡುಕದೆ ಗ್ಯಾಸ್ ತುಂಬುವುದು ತೂತು ಬಿಂದಿಗೆಗೆ ನೀರು ಹೊತ್ತ ಹಾಗೆ.

ಯಶವಂತಪುರದ ಎಪಿಎಂಸಿ ಯಾರ್ಡ್‌ನಲ್ಲಿ ಒಂದು ಚೀಲ ಈರುಳ್ಳಿಯನ್ನೂ ತೂಗದೆ ಯಾರೂ ಕೊಳ್ಳುವುದಿಲ್ಲ. ಅದೇ ವ್ಯಾಪಾರಿ ಮನೆಗೆ ಹೋಗಿ ಎಸಿಗೆ ಮೂರು ಸಾವಿರದ ಗ್ಯಾಸ್ ಹಾಕಿಸುವಾಗ ಎಷ್ಟು ಗ್ರಾಂ ಎಂದು ಕೇಳುವುದೇ ಇಲ್ಲ. ಯಾವ ಗ್ಯಾಸ್, ಎಷ್ಟು ತೂಕ ಎಂಬುದು ಪ್ರತಿ ಮಿಷಿನ್‌ನ ಸ್ಟಿಕ್ಕರ್ ಮೇಲೇ ಅಚ್ಚಾಗಿರುತ್ತದೆ. ಆರ್-32 ಬಳಸುವ ಒಂದೂವರೆ ಟನ್ನಿನ ಸ್ಪ್ಲಿಟ್ ಎಸಿಗೆ ಸಾಮಾನ್ಯವಾಗಿ ಒಂದು ಕೆಜಿ ಆಸುಪಾಸು, ಎಷ್ಟೋ ಮಾಡೆಲ್‌ಗಳಿಗೆ ಅದಕ್ಕೂ ಕಡಿಮೆ. ಸಿಲಿಂಡರ್ ಅನ್ನು ತಕ್ಕಡಿ ಮೇಲಿಟ್ಟು, ತುಂಬುವ ಮೊದಲು ಎಷ್ಟು, ತುಂಬಿದ ಮೇಲೆ ಎಷ್ಟು ಎಂದು ತೋರಿಸುವುದು ಕಷ್ಟದ ಕೆಲಸವೇನಲ್ಲ. ಒಳ್ಳೆಯ ಟೆಕ್ನಿಷಿಯನ್‌ಗಳು ಕೇಳದೆಯೇ ತೋರಿಸುತ್ತಾರೆ. ಅಂಥವರು ಈ ಭಾಗದಲ್ಲೂ ಇದ್ದಾರೆ. ಬೇಸಿಗೆಯ ಗಡಿಬಿಡಿಯಲ್ಲಿ ಅವರು ಕೈಗೆ ಸಿಗುವುದೇ ಕಷ್ಟ.

ಗ್ಯಾಸ್ ಅಲ್ಲದಿದ್ದರೆ ಮತ್ತೇನು?

ತಣ್ಣಗಾಗುತ್ತಿಲ್ಲ ಎಂಬ ದೂರಿಗೆ ಗ್ಯಾಸ್ ಒಂದೇ ಕಾರಣವಲ್ಲ. ಏರ್‌ಪೋರ್ಟ್ ಕಡೆಗಿನ ಮೆಟ್ರೊ ಕಾಮಗಾರಿ ಶುರುವಾದಾಗಿನಿಂದ ಹೆಬ್ಬಾಳದಿಂದ ಯಲಹಂಕದವರೆಗೆ ಬಳ್ಳಾರಿ ರಸ್ತೆಯ ಧೂಳು ಎಷ್ಟೆಂದು ಅಲ್ಲಿನ ಅಂಗಡಿಯವರಿಗೆ ಹೇಳಬೇಕಾಗಿಲ್ಲ. ಅದೇ ಧೂಳು ಔಟ್‌ಡೋರ್ ಯೂನಿಟ್‌ನ ಜಾಲರಿಯಲ್ಲಿ ಕಂಬಳಿ ಹೊದಿಸಿದಂತೆ ಕೂರುತ್ತದೆ. ಬಿಸಿ ಹೊರಗೆ ಹೋಗುವುದಿಲ್ಲ, ಕಂಪ್ರೆಸರ್ ಏದುಸಿರು ಬಿಡುತ್ತದೆ. ಇದಕ್ಕೆ ಬೇಕಿರುವುದು ನೀರಿನ ಪಂಪ್ ಹಾಕಿ ತೊಳೆಯುವ ಸರ್ವಿಸ್, ಐನೂರರಿಂದ ಏಳುನೂರು ರೂಪಾಯಿಯ ಕೆಲಸ. ಒಳಗಿನ ಕಾಯಿಲ್ ಮೇಲೆ ಐಸ್ ಕಟ್ಟುವುದನ್ನು ತೋರಿಸಿ "ನೋಡಿ, ಗ್ಯಾಸ್ ಇಲ್ಲ" ಎನ್ನುವುದೂ ಉಂಟು. ಫಿಲ್ಟರ್ ಕೊಳೆಯಾಗಿ ಗಾಳಿ ಕಟ್ಟಿದರೂ ಐಸ್ ಕಟ್ಟುತ್ತದೆ. ಫಿಲ್ಟರ್ ತೊಳೆಯಲು ಮೆಕ್ಯಾನಿಕ್ ಬೇಕಾಗಿಲ್ಲ. ನಲ್ಲಿ ಕೆಳಗೆ ಹಿಡಿದು, ನೆರಳಲ್ಲಿ ಒಣಗಿಸಿದರೆ ಆಯಿತು.

ಹೊರಗಿನ ಫ್ಯಾನ್ ತಿರುಗುತ್ತಿದೆ, ಆದರೆ ಕಂಪ್ರೆಸರ್ ಶುರುವಾಗುತ್ತಿಲ್ಲ ಎಂದರೆ ಹಳೆಯ ಮಾಡೆಲ್‌ಗಳಲ್ಲಿ ಮೊದಲ ಅನುಮಾನ ಕೆಪಾಸಿಟರ್ ಮೇಲೆ. ನೂರರ ಲೆಕ್ಕದ ಬಿಡಿಭಾಗ ಅದು. ಇನ್ವರ್ಟರ್ ಎಸಿಯಲ್ಲಿ ಅಷ್ಟು ಸುಲಭವಿಲ್ಲ. ಅಲ್ಲಿ ಪಿಸಿಬಿ ಬೋರ್ಡ್ ಕೆಟ್ಟರೆ ಹಲವು ಸಾವಿರ. ವೋಲ್ಟೇಜ್ ಏರುಪೇರು ಅದರ ದೊಡ್ಡ ಶತ್ರು.

ಇನ್ನು ಸೋರಿಕೆ. ಅದು ಹೆಚ್ಚಾಗಿ ಪೈಪ್ ಜೋಡಿಸುವ ನಟ್ ಹತ್ತಿರವೇ ಇರುತ್ತದೆ. ಎಣ್ಣೆ ಕಲೆ ಕಾಣುತ್ತದೆ. ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ. ಕಾಯಿಲ್‌ನಲ್ಲೇ ತೂತು ಬಿದ್ದಿದ್ದರೆ ಖರ್ಚು ಏರುತ್ತದೆ. ಕೊಳಚೆ ಹರಿಯುವ ರಾಜಕಾಲುವೆ, ಕೆರೆ ಪಕ್ಕದ ಮನೆಗಳಿಗೆ ಇದು ಹೆಚ್ಚಿನ ಚಿಂತೆ. ಕೊಳಚೆಯಿಂದ ಏಳುವ ಹೈಡ್ರೋಜನ್ ಸಲ್ಫೈಡ್, ಅಂದರೆ ಕೊಳೆತ ಮೊಟ್ಟೆ ವಾಸನೆಯ ಅನಿಲ, ತಾಮ್ರವನ್ನು ತಿನ್ನುತ್ತದೆ. ಅಲ್ಲಿ ವಾಸವಿರುವವರು ಹೊಸ ಎಸಿ ಕೊಳ್ಳುವಾಗ ಕಾಯಿಲ್‌ಗೆ ರಕ್ಷಣಾ ಲೇಪನ ಇದೆಯೇ ಎಂದು ಕೇಳುವುದು ಒಳ್ಳೆಯದು.

ಸೋರಿಕೆ ಮುಚ್ಚಿದ ಮೇಲೆ ಪೈಪಿನೊಳಗೆ ಒತ್ತಡ ಹಾಕಿ ಪರೀಕ್ಷೆ ಮಾಡಬೇಕು. ಅದಕ್ಕೆ ನೈಟ್ರೋಜನ್ ಮಾತ್ರ. ಯಾರಾದರೂ ಆಕ್ಸಿಜನ್ ಸಿಲಿಂಡರ್ ತಂದು ಜೋಡಿಸಲು ಹೊರಟರೆ ತಕ್ಷಣ ತಡೆಯಬೇಕು. ಕಂಪ್ರೆಸರ್ ಎಣ್ಣೆಗೆ ಒತ್ತಡದ ಆಕ್ಸಿಜನ್ ಸೇರಿದರೆ ಸ್ಫೋಟವಾಗುತ್ತದೆ. ಆರ್-32 ಸ್ವಲ್ಪ ಮಟ್ಟಿಗೆ, ಆರ್-290 ಚೆನ್ನಾಗಿಯೇ ಬೆಂಕಿ ಹಿಡಿಯುವ ಗ್ಯಾಸ್. ಒಳಗೆ ಗ್ಯಾಸ್ ಇರುವಾಗಲೇ ಟಾರ್ಚ್ ಹಚ್ಚಿ ಬೆಸುಗೆ ಹಾಕುವಂತಿಲ್ಲ. ಪರೀಕ್ಷೆ ಮುಗಿದ ಮೇಲೆ ವ್ಯಾಕ್ಯೂಮ್ ಪಂಪ್ ಹಾಕಿ ಒಳಗಿನ ಗಾಳಿ, ತೇವ ಎಳೆದು, ಆಮೇಲೆ ಗ್ಯಾಸ್ ತೂಗಿ ತುಂಬಬೇಕು. ಇಡೀ ಕೆಲಸಕ್ಕೆ ಒಂದೆರಡು ಗಂಟೆಯಾದರೂ ಹಿಡಿಯುತ್ತದೆ. ಹದಿನೈದು ನಿಮಿಷದಲ್ಲಿ ಮುಗಿಸಿ ಹೊರಟವರು ಮಾಡಿದ್ದು ಟಾಪ್ ಅಪ್ ಅಷ್ಟೇ.

ರಿಪೇರಿಯೋ, ಹೊಸದೋ?

2025ರ ಸೆಪ್ಟೆಂಬರ್ 22ರಿಂದ ಎಸಿ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 30 ಸಾವಿರ ಬೆಲೆಯ ಮಿಷಿನ್‌ಗೆ 3 ಸಾವಿರ ಉಳಿತಾಯ, ಸರಿಸುಮಾರು ಒಂದು ಸಲದ ಗ್ಯಾಸ್ ಖರ್ಚು. ರಿಪೇರಿ ಸೇವೆಗೆ ಮೊದಲೂ ಶೇ 18, ಈಗಲೂ ಶೇ 18. ಜಿಎಸ್‌ಟಿ ಸೇರಿಸಿ ಹಣ ಕೇಳುವವರು ಜಿಎಸ್‌ಟಿ ನಂಬರ್ ಇರುವ ಬಿಲ್ ಕೊಡಲೇಬೇಕು. ನೋಂದಣಿ ಇಲ್ಲದವರು ತೆರಿಗೆ ಹೆಸರಿನಲ್ಲಿ ಒಂದು ರೂಪಾಯಿಯನ್ನೂ ಪಡೆಯುವಂತಿಲ್ಲ.

ಹತ್ತು ವರ್ಷ ದಾಟಿದ, ಆರ್-22 ಗ್ಯಾಸ್‌ನ ಹಳೆಯ ಮಿಷಿನ್‌ನಲ್ಲಿ ಕಂಪ್ರೆಸರ್ ಹೋಗಿದ್ದರೆ ದುಡ್ಡು ಸುರಿಯದಿರುವುದೇ ಲೇಸು. ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಆ ಗ್ಯಾಸನ್ನು ಹಂತ ಹಂತವಾಗಿ ನಿಲ್ಲಿಸಲಾಗುತ್ತಿದೆ, 2030ರ ಗಡುವಿದೆ. ನಾಲ್ಕೈದು ವರ್ಷದ ಮಿಷಿನ್ ಆದರೆ ವಾರಂಟಿ ಕಾರ್ಡ್ ಹುಡುಕಿ ತೆಗೆಯಿರಿ. ಎಷ್ಟೋ ಕಂಪನಿಗಳು ಕಂಪ್ರೆಸರ್‌ಗೆ ಹತ್ತು ವರ್ಷದ ವಾರಂಟಿ ಕೊಡುತ್ತವೆ. ಕಂಪ್ರೆಸರ್ ಉಚಿತ, ಆದರೆ ಗ್ಯಾಸ್, ಸಾಗಾಟ, ಕೂಲಿ ಗ್ರಾಹಕನ ಮೇಲೆ ಎಂಬ ಷರತ್ತು ಸಣ್ಣ ಅಕ್ಷರದಲ್ಲಿರುತ್ತದೆ. ಹೊಸದು ಕೊಳ್ಳುವವರು ಸ್ಟಾರ್ ಜೊತೆಗೆ ಲೇಬಲ್‌ನಲ್ಲಿರುವ ಅವಧಿಯನ್ನೂ ನೋಡಬೇಕು. 2026ರ ಜನವರಿಯಿಂದ ಅಳತೆಗೋಲು ಬಿಗಿಯಾಗಿದೆ. ಗೋಡೌನ್‌ನಲ್ಲಿ ಉಳಿದ ಹಳೆಯ 5 ಸ್ಟಾರ್, ಹೊಸ 5 ಸ್ಟಾರ್‌ಗೆ ಸಮವಲ್ಲ.

ಗೃಹಜ್ಯೋತಿ ಫಲಾನುಭವಿಗಳಿಗೆ ಇನ್ನೊಂದು ಲೆಕ್ಕವಿದೆ. ರಾತ್ರಿ ಆರು ಗಂಟೆ ಎಸಿ ಓಡಿ, ಗಂಟೆಗೆ ಒಂದು ಯೂನಿಟ್ ಎಂದುಕೊಂಡರೂ ತಿಂಗಳಿಗೆ 180 ಯೂನಿಟ್. ಮನೆಯ ಬಳಕೆ 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಬೆಸ್ಕಾಂ ದರ ಯೂನಿಟ್‌ಗೆ ಆರು ರೂಪಾಯಿ ಆಸುಪಾಸು, ಫಿಕ್ಸೆಡ್ ಚಾರ್ಜ್ ಬೇರೆ. ಗ್ಯಾಸ್ ಕಡಿಮೆಯಾದ, ಧೂಳು ಕಟ್ಟಿದ ಎಸಿಯಲ್ಲಿ ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತಲೇ ಇರುತ್ತದೆ. ಆರುನೂರರ ಸರ್ವಿಸ್ ಉಳಿಸಲು ಹೋಗಿ ಸಾವಿರದ ಮೇಲೆ ಬಿಲ್ ಕಟ್ಟುವ ಮನೆಗಳು ಹೀಗೇ ಹುಟ್ಟುತ್ತವೆ.

ಬಾಡಿಗೆ ಮನೆಯಲ್ಲಿ ಓನರ್ ಹಾಕಿಸಿದ ಎಸಿ ಕೆಟ್ಟರೆ ಯಾರ ಖರ್ಚು ಎಂಬ ಜಗಳ ಆರ್.ಟಿ. ನಗರ, ಮತ್ತಿಕೆರೆ ಕಡೆ ಹೊಸದಲ್ಲ. ಸರ್ವಿಸ್ ಬಾಡಿಗೆದಾರನದು, ಕಂಪ್ರೆಸರ್, ಪಿಸಿಬಿ ಓನರ್‌ದು ಎಂದು ಅಗ್ರಿಮೆಂಟ್‌ನಲ್ಲೇ ಒಂದು ಸಾಲು ಬರೆಸಿದರೆ ಅಡ್ವಾನ್ಸ್ ವಾಪಸ್ ಪಡೆಯುವ ದಿನ ಮಾತು ಬೆಳೆಯುವುದಿಲ್ಲ.

ಕಂಪನಿ ಸರ್ವಿಸ್ ಬೇಕಿದ್ದರೆ ನಂಬರನ್ನು ಮಿಷಿನ್ ಸ್ಟಿಕ್ಕರ್ ಅಥವಾ ವಾರಂಟಿ ಕಾರ್ಡ್‌ನಿಂದಲೇ ತೆಗೆದುಕೊಳ್ಳಬೇಕು. ಇಂಟರ್ನೆಟ್‌ನಲ್ಲಿ ಹುಡುಕಿದಾಗ ಮೊದಲು ಸಿಗುವ "ಕಸ್ಟಮರ್ ಕೇರ್" ನಂಬರ್ ಕಂಪನಿಯದ್ದೇ ಆಗಿರಬೇಕೆಂದಿಲ್ಲ. ಕೆಲಸಕ್ಕೆ ಮೊದಲು ಅಂದಾಜು ಖರ್ಚನ್ನು ವಾಟ್ಸ್‌ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಿ, ಬದಲಿಸಿದ ಹಳೆಯ ಭಾಗ ವಾಪಸ್ ಕೇಳಿ. ಮೋಸವಾಗಿದೆ ಎನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಆದರೆ ಕೈಯಲ್ಲಿ ಬಿಲ್ ಇರಬೇಕು, ಬಿಲ್‌ನಲ್ಲಿ ಗ್ಯಾಸ್‌ನ ಹೆಸರು ಮತ್ತು ಗ್ರಾಂ ಲೆಕ್ಕ ಇರಬೇಕು.