ಡಯಟ್: ಮಿಕ್ಸ್‌ಡ್

ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಅಡ್ಮಿಟ್ ಆದವರ ಕೇಸ್ ಶೀಟನ್ನ ಯಾವತ್ತಾದ್ರೂ ಓದಿದೀರಾ? ಅದರಲ್ಲಿ ಪರ್ಸನಲ್ ಹಿಸ್ಟರಿ ಅಂತ ಒಂದು ಭಾಗ ಇರತ್ತೆ. ಯಾರದ್ದೇ ಶೀಟ್ ತೆಗೀರಿ, ಹೆಚ್ಚುಕಮ್ಮಿ ಒಂದೇ ಮಂತ್ರ. ಡಯಟ್ ಮಿಕ್ಸ್‌ಡ್, ಅಪೆಟೈಟ್ ನಾರ್ಮಲ್, ಸ್ಲೀಪ್ ಅಡಿಕ್ವೇಟ್, ಬವೆಲ್ ಆಂಡ್ ಬ್ಲಾಡರ್ ರೆಗ್ಯುಲರ್. ಮಿಕ್ಸ್‌ಡ್ ಅಂದ್ರೆ ಮಾಂಸಾನೂ ತಿಂತಾರೆ ಅಂತ ಅರ್ಥ. ಅಷ್ಟೇ. ಐವತ್ತೈದು ವರ್ಷದ ಮನುಷ್ಯ ದಿನಕ್ಕೆ ಮೂರು ಹೊತ್ತಿನ ಲೆಕ್ಕದಲ್ಲಿ ಸುಮಾರು 60,000 ಊಟ ಮಾಡಿರ್ತಾನೆ. ಅಷ್ಟೂ ಊಟ ಒಂದೇ ಪದದಲ್ಲಿ ಖತಂ.

ಅದೇ ಶೀಟಲ್ಲಿ ಬೀಡಿ ಸೇದೋರ ಕಥೆ ನೋಡಿ. ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ, ಗುಣಿಸಿದ್ರೆ ಎಷ್ಟಾಯ್ತು ಅಂತ ಸೂತ್ರ ಹಾಕಿ ಲೆಕ್ಕ ಬರೆದಿರ್ತಾರೆ. ಕುಡಿತಕ್ಕೂ ಅಷ್ಟೇ, ಯಾವ ಬ್ರಾಂಡು, ಎಷ್ಟು ಎಂಎಲ್ಲು. ಲೆಕ್ಕ ಯಾಕಿದೆ ಅಂದ್ರೆ ಪರೀಕ್ಷೆಯಲ್ಲಿ ಕೇಳ್ತಾರೆ. ಊಟದ್ದು ಯಾಕಿಲ್ಲ ಅಂದ್ರೆ ಯಾರೂ ಕೇಳಲ್ಲ. ನನ್ನ ಜಗಳ ಇರೋದು ಇಷ್ಟಕ್ಕೇ.

ನಮ್ಮ ಎಂಬಿಬಿಎಸ್‌ನಲ್ಲಿ ಪೌಷ್ಟಿಕಾಂಶದ ಪಾಠವೇ ಇಲ್ಲ ಅಂದ್ರೆ ಸುಳ್ಳಾಗತ್ತೆ. ಇದೆ. ಮೊದಲ ವರ್ಷ ಬಯೋಕೆಮಿಸ್ಟ್ರಿಯಲ್ಲಿ ವಿಟಮಿನ್ನುಗಳು ಬರ್ತವೆ, ಆಮೇಲೆ ಕಮ್ಯುನಿಟಿ ಮೆಡಿಸಿನ್‌ನಲ್ಲಿ ಒಂದು ಅಧ್ಯಾಯ ಬರತ್ತೆ, ಒಂದು ಕುಟುಂಬದ ಮನೆಗೆ ಹೋಗಿ ಅವರ ಕ್ಯಾಲೊರಿ ಲೆಕ್ಕ ಹಾಕಿ ರೆಕಾರ್ಡ್ ಬುಕ್ ತುಂಬಿಸೋ ಕೆಲಸಾನೂ ಇದೆ. ಬಿ1 ಇಲ್ಲದಿದ್ರೆ ಬೆರಿಬೆರಿ, ನಯಾಸಿನ್ ಇಲ್ಲದಿದ್ರೆ ಪೆಲಾಗ್ರ, ಕಣ್ಣಲ್ಲಿ ಬಿಟಾಟ್ ಸ್ಪಾಟ್ ಕಂಡ್ರೆ ವಿಟಮಿನ್ ಎ. ಎಂಟ್ರೆನ್ಸ್ ಪರೀಕ್ಷೆಗೆ ನಾಲ್ಕು ಆಯ್ಕೆಯ ಪ್ರಶ್ನೆಗಳಾಗೋಕೆ ಹೇಳಿ ಮಾಡಿಸಿದ ಹಾಗಿವೆ. ಇದಕ್ಕೊಂದು ಇತಿಹಾಸವೂ ಇದೆ ಅನ್ನಿ. ಇವತ್ತು ಹೈದರಾಬಾದಿನಲ್ಲಿರೋ ರಾಷ್ಟ್ರೀಯ ಪೋಷಣಾ ಸಂಸ್ಥೆ ಶುರುವಾಗಿದ್ದೇ 1918ರಲ್ಲಿ ಕೂನೂರಿನಲ್ಲಿ, ರಾಬರ್ಟ್ ಮೆಕ್ಯಾರಿಸನ್ ಬೆರಿಬೆರಿ ಮೇಲೆ ಸಂಶೋಧನೆ ಮಾಡೋಕೆ ಕೂತ ಒಂದು ಸಣ್ಣ ಘಟಕವಾಗಿ. ಆ ಕಾಲದ ಕಾಯಿಲೆಗೆ ಆ ಪಾಠ ಸರಿ. ಆದ್ರೆ 2023ರಲ್ಲಿ ಐಸಿಎಂಆರ್ ಅಧ್ಯಯನ ಅಂದಾಜು ಮಾಡಿದ ಪ್ರಕಾರ ಈ ದೇಶದಲ್ಲಿ 10.1 ಕೋಟಿ ಜನಕ್ಕೆ ಡಯಾಬಿಟಿಸ್ ಇದೆ, ಇನ್ನೂ 13.6 ಕೋಟಿ ಜನ ಬಾಗಿಲಲ್ಲೇ ನಿಂತಿದಾರೆ. ಪೆಲಾಗ್ರ ಬಾಯಿಪಾಠ ಮಾಡಿದ ಹುಡುಗ ಹುಡುಗಿಯರು ಇಂಟರ್ನ್‌ಶಿಪ್‌ಗೆ ಬಂದಾಗ ಎದುರಿಗೆ ಕೂರೋದು ಇವರು.

ಅಮೆರಿಕದವರೇನೂ ಉದ್ಧಾರ ಆಗಿಲ್ಲ. ವೈದ್ಯರಿಗೆ ಕನಿಷ್ಠ 25 ಗಂಟೆಯಾದ್ರೂ ಆಹಾರದ ಪಾಠ ಬೇಕು ಅಂತ ಅಲ್ಲಿನ ಸಮಿತಿಯೊಂದು 1985ರಲ್ಲೇ ಹೇಳಿತ್ತು. 2010ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಸರಾಸರಿ 19.6 ಗಂಟೆಗೆ ನಿಂತಿತ್ತು. ಆದ್ರೆ ಗಂಟೆ ಎಣಿಸೋದರಲ್ಲಿ ನಂಗೆ ಅಷ್ಟು ಆಸಕ್ತಿ ಇಲ್ಲ. ಕ್ಲಾಸ್‌ರೂಮಿನಲ್ಲಿ ನೂರು ಗಂಟೆ ಪಾಠ ಮಾಡಿ ವಾರ್ಡಿನಲ್ಲಿ ಒಂದು ಪ್ರಶ್ನೆಯನ್ನೂ ಕೇಳದಿದ್ರೆ ಬಂದ ಭಾಗ್ಯ ಏನು?

ಕಲಿಸದೇ ಬಿಟ್ಟಿದ್ದರ ಫಲ ಏನು ಅಂತ ನಮಗೆಲ್ಲ ಗೊತ್ತು. "ಅನ್ನ ಬಿಡಿ, ಚಪಾತಿ ತಿನ್ನಿ." ಹಳೇ ಮೈಸೂರಿನ ಕಡೆಯವರಾದ್ರೆ "ಮುದ್ದೆ ತಿನ್ನಿ." ನೂರು ಗ್ರಾಂ ಅಕ್ಕಿಯಲ್ಲಿ ಕಾರ್ಬೋಹೈಡ್ರೇಟ್ ಸುಮಾರು 78 ಗ್ರಾಂ. ಗೋಧಿ ಹಿಟ್ಟಲ್ಲಿ, ರಾಗಿಯಲ್ಲಿ 65ರಿಂದ 72ರ ಆಸುಪಾಸು. ನಾರು ಹೆಚ್ಚು, ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, ಒಪ್ಪಿದೆ. ಆದ್ರೆ ಎಷ್ಟು ಅನ್ನೋ ಪ್ರಶ್ನೆಯನ್ನ ಬಿಟ್ಟು ಯಾವುದು ಅಂತ ಮಾತ್ರ ಹೇಳಿದ್ರೆ, ಒಂದು ಬಟ್ಟಲು ಅನ್ನ ತಿಂತಿದ್ದವರು ನಾಲ್ಕು ಚಪಾತಿ ಹೊಡೆದು "ನಾನು ಪಥ್ಯದಲ್ಲಿದೀನಿ" ಅಂತ ನೆಮ್ಮದಿಯಾಗಿ ಮಲಗ್ತಾರೆ. ಮೂರು ತಿಂಗಳಾದ ಮೇಲೆ ರಿಪೋರ್ಟ್ ಬರತ್ತೆ, ಶುಗರ್ ಇಳಿದಿಲ್ಲ, ಮಾತ್ರೆ ಜಾಸ್ತಿ ಮಾಡ್ತಾರೆ. ಪೇಷೆಂಟು ಪಥ್ಯ ಮಾಡಿಲ್ಲ ಅಂತ ಬೈಗುಳ ಬೇರೆ.

ಇದು ಬರೀ ಉಪಯೋಗವಿಲ್ಲದ ಸಲಹೆ. ಊಟ ಕೇಳದೇ ಇದ್ರೆ ಅಪಾಯವೂ ಇದೆ. ಮೆಟ್‌ಫಾರ್ಮಿನ್ ಮಾತ್ರೆಯನ್ನ ವರ್ಷಗಟ್ಟಲೆ ತಗೊಂಡ್ರೆ ಕೆಲವರಲ್ಲಿ ಬಿ12 ಇಳಿಯತ್ತೆ. ಶುದ್ಧ ಸಸ್ಯಾಹಾರಿಗಳಲ್ಲಿ ಅದು ಮೊದಲೇ ಕಮ್ಮಿ ಇರೋ ಸಾಧ್ಯತೆ ಹೆಚ್ಚು. ಕಾಲು ಜೋಮು ಹಿಡಿಯತ್ತೆ ಅಂತ ಬಂದವರಿಗೆ "ಶುಗರ್‌ನಿಂದ ನರ ವೀಕ್ ಆಗಿದೆ" ಅಂದುಬಿಟ್ರೆ ಮುಗೀತು, ನಿಜವಾದ ಕಳ್ಳ ಬೇರೆ ಇರಬಹುದು. ಇನ್ನು "ಉಪ್ಪು ಕಮ್ಮಿ ಮಾಡಿ" ಅನ್ನೋ ಸಲಹೆ. ಅದನ್ನ ಕೇಳಿ ಮಗಳು ಪ್ರೀತಿಯಿಂದ ಆನ್‌ಲೈನ್‌ನಲ್ಲಿ ಲೋ ಸೋಡಿಯಂ ಉಪ್ಪು ತರಿಸ್ತಾಳೆ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರತ್ತೆ. ಕಿಡ್ನಿ ಸೊರಗಿರೋ, ಕೆಲವು ಬಗೆಯ ಬಿಪಿ ಮಾತ್ರೆ ನುಂಗ್ತಿರೋ ಅಪ್ಪನಿಗೆ ಪೊಟ್ಯಾಸಿಯಂ ಏರಿದ್ರೆ ಹೃದಯದ ಬಡಿತವೇ ತಪ್ಪಬಹುದು. "ಯಾವ ಉಪ್ಪು ಬಳಸ್ತೀರಿ?" ಅಂತ ಕೇಳೋಕೆ ಹತ್ತು ಸೆಕೆಂಡ್ ಸಾಕು.

"ಊಟ ಎಲ್ಲ ಅಜ್ಜಿ ಮದ್ದಿನ ವಿಷಯ, ಸೈನ್ಸ್ ಅಂದ್ರೆ ಮಾತ್ರೆ" ಅಂತ ಮೂಗು ಮುರಿಯೋರಿಗೆ ಮಂಗಳೂರಿನ ಕಡೆ ಕೈ ತೋರಿಸ್ತೀನಿ. ಯೆನೆಪೋಯ ಮೆಡಿಕಲ್ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಜೊತೆಗಾರರು ಜಾರ್ಖಂಡಿನಲ್ಲಿ ಒಂದು ದೊಡ್ಡ ಪ್ರಯೋಗ ಮಾಡಿದ್ರು, ರೇಷನ್ಸ್ ಅಂತ ಅದರ ಹೆಸರು. 2,800 ಕ್ಷಯ ರೋಗಿಗಳು, ಅವರ ಮನೆಯ ಹತ್ತು ಸಾವಿರಕ್ಕೂ ಹೆಚ್ಚು ಜನ. ರೋಗಿಗಳಲ್ಲಿ ಹತ್ತರಲ್ಲಿ ಎಂಟು ಜನ ಇರಬೇಕಾದ ತೂಕಕ್ಕಿಂತ ಕಮ್ಮಿ. ರೋಗಿಗಳಿಗೆಲ್ಲ ಔಷಧಿ ಜೊತೆ ತಿಂಗಳಿಗೆ 10 ಕೆಜಿ ಆಹಾರ ಕೊಟ್ರು. ಅರ್ಧದಷ್ಟು ಮನೆಗಳಲ್ಲಿ ಉಳಿದವರಿಗೂ ತಲಾ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ, ವಿಟಮಿನ್ ಮಾತ್ರೆ. 2023ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಗಳಲ್ಲಿ ಫಲಿತಾಂಶ ಬಂತು. ರೇಷನ್ ಸಿಕ್ಕ ಮನೆಗಳಲ್ಲಿ ಹೊಸದಾಗಿ ಕ್ಷಯ ಬರೋದು ಶೇ. 39ರಷ್ಟು ಕಮ್ಮಿ, ಸೋಂಕು ಹರಡುವ ಶ್ವಾಸಕೋಶದ ಕ್ಷಯವಂತೂ ಶೇ. 48ರಷ್ಟು ಕಮ್ಮಿ. ಮೊದಲ ಎರಡು ತಿಂಗಳಲ್ಲಿ ತೂಕ ಶೇ. 5ರಷ್ಟು ಏರಿದ ರೋಗಿಗಳಲ್ಲಿ ಸಾವಿನ ಅಪಾಯ ಸುಮಾರು ಶೇ. 60ರಷ್ಟು ಕಡಿಮೆ ಕಂಡಿತು. ಅಕ್ಕಿ, ಬೇಳೆ, ಸ್ವಾಮಿ! ಇದೇ ಕೆಲಸ ಮಾಡೋ ಒಂದು ಮಾತ್ರೆ ಬಂದಿದ್ದಿದ್ರೆ ಇಷ್ಟೊತ್ತಿಗೆ ಪ್ರತಿ ಕ್ಲಿನಿಕ್ಕಿನ ಮೇಜಿನ ಮೇಲೆ ಅದರ ಹೆಸರಿನ ಪೆನ್ ಸ್ಟ್ಯಾಂಡ್ ಇರ್ತಿತ್ತು.

"ನಮಗೆ ಟೈಮೆಲ್ಲಿದೆ?" ಅಂತ ಡಾಕ್ಟರುಗಳು ಕೇಳ್ತಾರೆ. ನ್ಯಾಯವಾದ ಮಾತು. ಸರ್ಕಾರಿ ಓಪಿಡಿಯ ಕ್ಯೂ ನೋಡಿದವರು ಯಾರೂ ಅದನ್ನ ನೆಪ ಅನ್ನಲ್ಲ. ಆದ್ರೆ ಟೈಮ್ ಇಲ್ಲದವರಿಗೇ ಅಲ್ವಾ ಒಳ್ಳೇ ಪ್ರಶ್ನೆ ಬೇಕಾಗಿರೋದು? ಮನೇಲಿ ಎಷ್ಟು ಜನ, ತಿಂಗಳಿಗೆ ಎಷ್ಟು ಉಪ್ಪು ಬೇಕಾಗತ್ತೆ? ನಾಲ್ಕು ಜನಕ್ಕೆ ಒಂದು ಕೆಜಿ ಪ್ಯಾಕೆಟ್ ಅಂದ್ರೆ ತಲೆಗೆ ದಿನಕ್ಕೆ 8 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು 5 ಗ್ರಾಂಗಿಂತ ಕಮ್ಮಿ. ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರಾ ಬನ್ನು ಈ ಲೆಕ್ಕಕ್ಕೆ ಸೇರಿಲ್ಲ. ಅರ್ಧ ನಿಮಿಷದಲ್ಲಿ ಸಿಗೋ ಈ ಮಾಹಿತಿಯನ್ನ ಯಾವ ಲ್ಯಾಬ್ ಕೊಡತ್ತೆ?

ಎರಡನೇ ವಾದ, ಅದು ಡಯಟೀಷಿಯನ್ ಕೆಲಸ ಅಂತ. ಹೌದು, ಅವರದ್ದೇ. ಹಾಗಾದ್ರೆ ತಾಲ್ಲೂಕು ಆಸ್ಪತ್ರೆಗೊಬ್ಬರನ್ನ ಕೊಡಿ, ಅವರ ಮಾತಿಗೆ ಬೆಲೆ ಕೊಡಿ. ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ಇದಾರೆ, ಆದ್ರೆ ನಮ್ಮ ದೊಡ್ಡಪ್ಪನಿಗೆ ಅಂಥದ್ದೊಂದು ಕಡೆ ಸಿಕ್ಕಿದ್ದು ಓಟ್ಸು, ಬ್ರೊಕೊಲಿ, ಬೇಯಿಸಿದ ಮೊಟ್ಟೆಯ ಬಿಳಿ ಭಾಗ ಅಂತ ಬರೆದ ಒಂದು ಪ್ರಿಂಟೌಟ್. ಅವರು ಮೊಟ್ಟೆ ಮುಟ್ಟಲ್ಲ. ಬ್ರೊಕೊಲಿ ಅಂದ್ರೆ ಏನು ಅಂತ ಮನೆಗೆ ಬಂದು ನನ್ನನ್ನ ಕೇಳಿದ್ರು. ಯಾರಿಗೆ ಯಾಕೆ ಕಳಿಸಬೇಕು, ಬಂದ ಸಲಹೆ ಸರಿಯಿದೆಯಾ ಅಂತ ನೋಡೋಕಾದ್ರೂ ಡಾಕ್ಟರಿಗೆ ವಿಷಯ ಗೊತ್ತಿರಬೇಕಲ್ಲ.

ವೈದ್ಯರು ಬಿಟ್ಟ ಜಾಗ ಖಾಲಿಯಂತೂ ಉಳಿದಿಲ್ಲ. ನಮ್ಮ ಆಫೀಸಿನ ಕೆಫೆಟೀರಿಯಾದಲ್ಲೇ ಕೀಟೋದವರು, ಇಂಟರ್ಮಿಟೆಂಟ್‌ನವರು, ಬೆಳಿಗ್ಗೆ ತುಪ್ಪದ ಕಾಫಿಯವರು ಅಂತ ಮೂರು ಮತಗಳಿವೆ, ಮೂರಕ್ಕೂ ಗುರುಗಳು ರೀಲ್ಸ್‌ನಲ್ಲಿ ಸಿಗ್ತಾರೆ. ಅದು ಬಿಟ್ರೆ ಪೌಡರ್ ಡಬ್ಬಿಯವರು. ಮಕ್ಕಳ ಹಾಲಿನ ಪುಡಿ ಕಂಪನಿಗಳು ವೈದ್ಯರಿಗೆ ಉಡುಗೊರೆ ಕೊಡಬಾರದು, ಅವರ ಸಮ್ಮೇಳನಗಳಿಗೆ ದುಡ್ಡು ಹಾಕಬಾರದು ಅಂತ 1992ರಲ್ಲಿ ಬಂದ, 2003ರಲ್ಲಿ ಬಿಗಿಯಾದ ಕಾನೂನೇ ಇದೆ. ಅದು ಎರಡು ವರ್ಷದೊಳಗಿನ ಮಕ್ಕಳ ಆಹಾರಕ್ಕೆ ಮಾತ್ರ. ದೊಡ್ಡವರ ಡಬ್ಬಿಗೆ ಅದು ಅನ್ವಯಿಸಲ್ಲ. ಕಾಲೇಜು ಕಲಿಸದೇ ಇದ್ದದ್ದನ್ನ ಸೇಲ್ಸ್‌ನವರು ಬಂದು ಕಲಿಸ್ತಾರೆ, ಅವರು ಕಲಿಸೋದು ಅವರ ಡಬ್ಬಿಯನ್ನ.

ಹೊಸ ವಿಷಯ, ಹೊಸ ಡಿಪಾರ್ಟ್‌ಮೆಂಟ್, ಇನ್ನೊಂದು ದಪ್ಪ ಪುಸ್ತಕ, ಯಾವುದೂ ಬೇಡ. ಆ ಮಕ್ಕಳ ಬೆನ್ನು ಈಗಾಗಲೇ ಬಾಗಿದೆ. ಫೈನಲ್ ಇಯರ್ ಪ್ರಾಕ್ಟಿಕಲ್‌ನಲ್ಲಿ ಲಾಂಗ್ ಕೇಸ್ ಅಂತ ಇರತ್ತೆ. ವಿದ್ಯಾರ್ಥಿ ಒಬ್ಬ ರೋಗಿಯ ಹತ್ರ ಕೂತು ಎಲ್ಲ ವಿಚಾರಿಸಿ ಬಂದು ಎಕ್ಸಾಮಿನರ್ ಮುಂದೆ ಒಪ್ಪಿಸಬೇಕು. "ಡಯಟ್ ಮಿಕ್ಸ್‌ಡ್ ಸರ್" ಅಂದ ತಕ್ಷಣ ಈಗ ಮುಂದಿನ ಸಾಲಿಗೆ ಹೋಗ್ತಾರೆ. ಅಲ್ಲೇ ನಿಲ್ಲಿಸಿ, "ನಿನ್ನೆ ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನು ತಿಂದ್ರು? ಅಡುಗೆ ಮಾಡೋದು ಯಾರು? ನೀನಾದ್ರೆ ಏನು ಬದಲಾಯಿಸ್ತೀಯ?" ಅಂತ ಕೇಳಲಿ, ಅದಕ್ಕೆ ಹತ್ತು ಮಾರ್ಕ್ಸ್ ಇಡಲಿ. ಒಬ್ಬಿಬ್ಬರು ಇದಕ್ಕೇ ಫೇಲಾಗಲಿ. ಸುದ್ದಿ ಅವತ್ತು ರಾತ್ರಿಯೇ ಹಾಸ್ಟೆಲ್ ಮುಟ್ಟತ್ತೆ, ಮುಂದಿನ ಬ್ಯಾಚಿನವರು ಪ್ರತಿ ಬೆಡ್ಡಿನ ಪಕ್ಕ ಕೂತು ಉಪ್ಪಿನ ಲೆಕ್ಕ ಕೇಳ್ಕೊಂಡು ಬರ್ತಾರೆ.